ನಿನೆವೆಗಾಗಿ ಮೂರು ದಿನ

ಲಂಡನ್ನಿನ ಕೆಂಟನ್‌ನ ನಮ್ಮ ಕನ್ನಡ ಹಿರಿಯರ ಕೂಟದಲ್ಲಿ ತಿಂಗಳಿಗೊಬ್ಬರು ಹತ್ತು ನಿಮಿಷ ಮಾತಾಡಬೇಕು. ತೀರ್ಥಯಾತ್ರೆ, ಮೊಣಕಾಲು ನೋವು ಎರಡನ್ನೂ ಬೇರೆಯವರು ಮುಗಿಸಿದ್ದರು. ನಾನು ನಿನೆವೆಯನ್ನು ಆರಿಸಿಕೊಂಡೆ. ಧಾರವಾಡದ ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಆ ಪ್ರಾಚೀನ ಅಸಿರಿಯನ್ ರಾಜಧಾನಿಯನ್ನು ಬ್ಲ್ಯಾಕ್‌ಬೋರ್ಡ್ ಮೇಲೆ ಬಿಡಿಸಿ, ಬೆಲ್ ಆದ ಕೂಡಲೇ ಒರೆಸಿ, "ಫಿನಿಶ್ಡ್, ಗರ್ಲ್ಸ್!" ಎಂದಿದ್ದರು.

ಬರೆದದ್ದನ್ನು ಮೊದಲು ಎದುರು ಫ್ಲ್ಯಾಟಿನ ಗೆಳತಿಗೆ ಇಂಗ್ಲಿಷ್‌ನಲ್ಲಿ ಹೇಳಿದೆ. ಆಕೆ ಇರಾಕಿನ ಮೋಸುಲ್‌ನವಳು, ನನ್ನಂತೆಯೇ ವಿಧವೆ. ಈ ಬಿಲ್ಡಿಂಗಿನಲ್ಲಿ ದಿನಾ ನನ್ನೊಡನೆ ಕೂತು ಮಾತಾಡುವವಳು ಅವಳೊಬ್ಬಳೇ. ರಾಜನೊಬ್ಬ ನಿನೆವೆಯನ್ನು ರಾಜಧಾನಿ ಮಾಡಿದ್ದು, ಬೆಟ್ಟದಿಂದ ಕಾಲುವೆ ತೋಡಿಸಿ ತೋಟಗಳಿಗೆ ನೀರು ತಂದದ್ದು, ನೂರು ವರ್ಷ ತುಂಬುವ ಮೊದಲೇ ಶತ್ರುಗಳು ಸುಟ್ಟದ್ದು, ಎಲ್ಲ ಹೇಳಿದೆ. ಕಾಲುವೆಯ ಮಾತಿಗೆ ತಲೆದೂಗಿದಳು. ಕೊನೆಯಲ್ಲಿ, ಆ ಜನರಲ್ಲಿ ಇಂದು ಒಬ್ಬರೂ ಉಳಿದಿಲ್ಲ ಎಂದೆ.

ಅವಳು ಕಪ್ ಕೆಳಗಿಟ್ಟಳು. "ನೋಬಡಿ? ಹಾಗಾದರೆ ನಿನಗೆ ಈ ಟೀ ಮಾಡಿಕೊಟ್ಟದ್ದು ಯಾರು, ದೆವ್ವವಾ?"

ಅವಳು ಅದೇ ಅಸಿರಿಯನ್ ಜನಾಂಗದವಳು ಎಂದು ನನಗೆ ಗೊತ್ತಿರಲಿಲ್ಲ. ನಾಲ್ಕು ವರ್ಷದಲ್ಲಿ ಕೇಳಿರಲೂ ಇಲ್ಲ.

ಮಗಳು ಸ್ಟ್ಯಾನ್ಮೋರ್‌ನಿಂದ ಫೋನಿನಲ್ಲೇ ತರಾಟೆಗೆ ತೆಗೆದುಕೊಂಡಳು. "ಅವ್ವಾ, ಜೀವಂತ ಇದ್ದಾಕಿ ಮುಂದನ ಕೂತು ಶ್ರದ್ಧಾಂಜಲಿ ಓದಿ ಬಂದೀಯಲ್ಲ! ಹೋಗಿ ಸಾರಿ ಕೇಳು."

ಸೋಮವಾರ ಶ್ಯಾವಿಗೆ ಪಾಯಸ ಒಯ್ದೆ. ಬಾಗಿಲು ತೆರೆದು, "ನಾಟ್ ಟುಡೇ," ಎಂದಳು. ಮಂಗಳವಾರ ಅವಲಕ್ಕಿ. ಅದೂ ಬೇಡ. ಆ ಬಾಗಿಲೂ ಮುಚ್ಚಿದರೆ ನನಗಿನ್ನಾರು? ಬುಧವಾರ ಬರಿಗೈಯಲ್ಲೇ ಹೋಗಿ, "ಸಿಟ್ಟಿದ್ದರೆ ಬೈದುಬಿಡು, ಪ್ಲೀಸ್," ಎಂದೆ.

"ಸಿಟ್ಟು ಮೊದಲ ದಿನವೇ ಇಳಿಯಿತು, ಮಾರಾಯ್ತಿ. ಇದು ಉಪವಾಸ. ಬೈಬಲಿನಲ್ಲಿ ದೇವರು ನಿನೆವೆಯನ್ನು ನಾಶ ಮಾಡುತ್ತೇನೆ ಎಂದಾಗ ಜನ ಉಪವಾಸವಿದ್ದು ಉಳಿಸಿಕೊಂಡರಲ್ಲ, ಅದಕ್ಕಾಗಿ ನಮ್ಮ ಚರ್ಚಿನವರೆಲ್ಲ ಪ್ರತಿವರ್ಷ ಮೂರು ದಿನ. ನಿನ್ನ ಸಿಸ್ಟರ್ ಹೇಳಲಿಲ್ಲವಾ?"

ಹೇಳಿದ್ದಿರಬೇಕು. ನಾನು ಬರೀ ಎಂಡಿಂಗ್ ನೆನಪಿಟ್ಟುಕೊಂಡಿದ್ದೆ.

"ಏಕಾದಶಿ ಮಾಡುವವಳು ನೀನು, ಹಸಿದ ಮುಖ ಗೊತ್ತಾಗಲಿಲ್ಲವಾ?" ಎಂದು ನಕ್ಕು ಒಳಗೆ ಕರೆದಳು. ನನ್ನ ಫ್ಲ್ಯಾಟಿನಿಂದ ಭಾಷಣ ತಂದು, ಅದರ ಕೊನೆಯ ಪುಟವನ್ನು ಅವಳ ಅಡುಗೆಮನೆಯಲ್ಲೇ ಹರಿದು ಬಿನ್‌ಗೆ ಹಾಕಿದೆ.

ಶನಿವಾರ ಅವಳನ್ನೂ ಕೂಟಕ್ಕೆ ಕರೆದೊಯ್ದೆ. ಬೆಂಕಿಯವರೆಗೆ ಓದಿ, "ಮುಂದಿನದನ್ನು ಇವರು ಹೇಳುತ್ತಾರೆ," ಎಂದು ಕೂತುಬಿಟ್ಟೆ. ತಾಯಿಯ ಮನೆಯ ಮಾಳಿಗೆಯಿಂದ ಹೊಳೆಯಾಚೆ ನಿನೆವೆಯ ದಿಬ್ಬಗಳು ಕಾಣುತ್ತಿದ್ದುದನ್ನು, ವಸಂತದಲ್ಲಿ ಅವು ಹಸಿರಾಗುತ್ತಿದ್ದುದನ್ನು ಅವಳು ಹೇಳಿದಳು. ಉಪವಾಸ ಬಿಟ್ಟಾಗ ಹುರಿದ ಕಾಳುಗಳ ಹಿಟ್ಟು ತಿನ್ನುತ್ತೇವೆ ಎಂದಾಗ ಹಿಂದಿನ ಸಾಲಿನಿಂದ ವಿಜಯಪುರದ ಅಜ್ಜಿಯೊಬ್ಬರು ಕೂಗಿದರು: "ಕಾಳು ಯಾವ್ಯಾವು, ಕೇಳ್ರೀ ಆಕೀನ್ನ! ಬೆಲ್ಲ ಹಾಕ್ತಾರೇನು?"

ಅವಳು ಬೆರಳು ಮಡಚುತ್ತ ಹೇಳತೊಡಗಿದಳು. ನಾನು ಕನ್ನಡ ಮಾಡುತ್ತ ಹೋದೆ.