ಎಡಹೆಗಲ ಮೇಲಿನ ಅರಳೆ

ನಗಬೇಕೆನ್ನಿಸಿದರೆ ಮೊದಲೇ ನಕ್ಕುಬಿಡಿ. ನಾನೂ ತಂಗಿಯ ಮಾತು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕವಳೇ. ದೆವ್ವ, ಮಾಟ ಯಾವುದನ್ನೂ ನಂಬುವವಳಲ್ಲ. ಈಗಲೂ ನಂಬುವುದಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮ ತವರು ಮಾನ್ವಿ. ನನ್ನನ್ನು ದೇವದುರ್ಗಕ್ಕೆ ಕೊಟ್ಟಿದ್ದರು, ತಂಗಿ ಹುಲಿಗೆಮ್ಮನನ್ನು ರಾಯಚೂರಿಗೆ. ಅವಳು ಅಲ್ಲಿ ಹತ್ತಿ ಗಿರಣಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಆ ವರ್ಷ ಅವಳಿಗೆ, ಜನ ಗುಂಪು ಕಟ್ಟಿಕೊಂಡು ತನ್ನ ಹಿಂದೆ ಬೀಳುತ್ತಿದ್ದಾರೆ ಅನ್ನಿಸತೊಡಗಿತು. ಗುರುತೇನು ಎಂದರೆ, ಅವರೆಲ್ಲರ ಎಡಹೆಗಲ ಮೇಲೆ ಒಂದು ಎಳೆ ಅರಳೆ ಇರುತ್ತದಂತೆ.

"ಹುಚ್ಚಿ, ಹತ್ತಿ ಸುಗ್ಗ್ಯಾಗ ರಾಯಚೂರಿನ ಅಗಸರ ಕತ್ತಿ ಮೈಮ್ಯಾಗೂ ಅರಳಿ ಇರ್ತದ. ಅದೂ ನಿನ್ನ ಬೆನ್ನ ಹತ್ತ್ಯದೇನು?" ಅಂದೆ.

"ಕತ್ತಿ ನಮ್ಮ ಮನಿ ಮುಂದ ನಿಂತು ಕಿಡಕ್ಯಾಗ ಹಣಿಕಿ ಹಾಕಂಗಿಲ್ಲಕ್ಕಾ."

ಅವಳು ಉಣ್ಣುವುದು ಬಿಟ್ಟಳು. ಡಾಕ್ಟರು ಕೊಟ್ಟ ಗುಳಿಗೆ ನುಂಗಿದಂತೆ ಮಾಡಿ ಉಗುಳಿದಳು. ಗಂಡ ಕೆಟ್ಟವನಲ್ಲ, ಸೋತುಹೋಗಿದ್ದ. "ಬ್ಯಾಸಿಗಿ ಮುಗಿಯೂದ್ರೊಳಗ ನೆಟ್ಟಗಾದ್ರ ಕರ್ಕೊಂಡು ಹೋಗ್ತೀನ್ರಿ ಅಕ್ಕಾ. ಇಲ್ಲಂದ್ರ ಮಾನ್ವ್ಯಾಗೇ ಇರ್ಲಿ, ಖಾಯಂ. ಕೂಸು ನನ್ನ ಕಡೆ ಇರ್ತದ" ಎಂದ. ಕೂಸಿಗಿನ್ನೂ ಎರಡು ವರ್ಷ.

ತಂಗಿಯನ್ನು ದೇವದುರ್ಗಕ್ಕೆ ಕರೆತಂದೆ. ಹೊಸ್ತಿಲು ದಾಟಲು ನಡುಗುತ್ತಿದ್ದಳು. ವಾದ ಮಾಡಿ ಸಾಕಾಗಿ ಒಂದು ಉಪಾಯ ಮಾಡಿದೆ. "ನೀ ಮುಂದ ನಡಿ ಬೇ. ನಾ ಹತ್ತು ಹೆಜ್ಜಿ ಹಿಂದ ಬರ್ತೀನಿ. ನನ್ನ ದಾಟಿ ಯಾವಾವ ಬರ್ತಾನ ನೋಡೂಣು." ನೀರಿಗೆ ದಿನಾ, ಸಂತೆಗೆ ವಾರಕ್ಕೊಮ್ಮೆ ಹಾಗೇ ಹೋದೆವು. ಹತ್ತು ಹೆಜ್ಜೆ ಐದಾಯಿತು, ಕೊನೆಗೆ ಜೋಡಿಯಾಗಿ ನಡೆದೆವು. ರೊಟ್ಟಿ ಸೇರಿತು. ಗುಳಿಗೆಯೂ ಹೊಟ್ಟೆಗಿಳಿಯಿತು.

ಅವಳ ಗಂಡ ಮಾನ್ವಿಗೆ ಬರುತ್ತೇನೆಂದು ಹೇಳಿಕಳಿಸಿದ. ಅಕ್ಕತಂಗಿ ಇಬ್ಬರೂ ಮಧ್ಯಾಹ್ನದ ಬಸ್ಸು ಹತ್ತಿದೆವು. ಸುಡುಬಿಸಿಲು. ಹತ್ತಿ ಸುಗ್ಗಿ ಎಂದೋ ಮುಗಿದು ಗಿರಣಿಗಳೆಲ್ಲ ಬಂದ್ ಆಗಿದ್ದವು. ತಂಗಿ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದಳು. ಸಿರವಾರದಲ್ಲಿ ನಾಲ್ವರು ಹತ್ತಿದರು, ಒಬ್ಬಳು ಮುದುಕಿ, ಮೂವರು ಗಂಡಸರು. ನಾಲ್ವರ ಎಡಹೆಗಲ ಮೇಲೂ ಬಿಳಿ ಎಳೆ.

ನಾನು ಸುಮ್ಮನೆ ಕೂರುವವಳಲ್ಲ. ಎದ್ದು ಹೋಗಿ, "ಯವ್ವಾ, ಅರಳಿ ಹತ್ತ್ಯದ ನೋಡು" ಎಂದು ಮುದುಕಿಯ ಹೆಗಲಿಂದ ಅದನ್ನು ಕಿತ್ತೆ. ಅರಳೆಯೇ. ಮುದುಕಿ ನನ್ನ ಕಡೆ ನೋಡಲೇ ಇಲ್ಲ. ನನ್ನ ಆಚೆಗೆ ಕತ್ತು ಚಾಚಿ ತಂಗಿಯನ್ನು ನೋಡುತ್ತಿದ್ದಳು. ಉಳಿದ ಮೂವರೂ ಅಷ್ಟೇ.

ಮಾನ್ವಿಯಲ್ಲಿ ನಾವು ಇಳಿದೆವು, ಅವರೂ ಇಳಿದರು. ತಂಗಿ ಮುಂದೆ, ನಾನು ಹಿಂದೆ, ನನ್ನ ಹಿಂದೆ ಅವರು. ಅವಳು ಹೊರಳಿ ನೋಡದಿರಲೆಂದು ಇಲ್ಲದ ಸುದ್ದಿಗಳನ್ನೆಲ್ಲ ಹೇಳುತ್ತಾ ನಡೆದೆ. ಮನೆಯ ಬಾಗಿಲಲ್ಲಿ ಹೊರಳಿದರೆ ಓಣಿ ಖಾಲಿ. ಆ ಓಣಿಗೆ ಅಡ್ಡದಾರಿ ಇಲ್ಲ. ಗಾದಿಗೆ ಹತ್ತಿ ತುಂಬುವವರಿದ್ದಾರು ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಅವರ ಕೈಯಲ್ಲಿ ಒಂದು ಚೀಲವೂ ಇರಲಿಲ್ಲ.

ಒಳಗೆ ಗಂಡ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ. ಅವಳನ್ನು ಕೇಳಲಿಲ್ಲ, ನನ್ನನ್ನು ಕೇಳಿದ. "ಖರೇ ಹೇಳ್ರಿ ಅಕ್ಕಾ. ಇನ್ನೂ ಯಾರರ ಹಿಂದ ಬರ್ತಾರೇನು?"

"ಯಾರೂ ಬರಂಗಿಲ್ಲಪ್ಪಾ. ಯಾರೂ ಇಲ್ಲ."

ಕೂಸು ಅವಳ ತೋಳಿಗೆ ಹಾರಿತು. ಅದರ ತಲೆಯ ಮೇಲಿಂದ ತಂಗಿ ನನ್ನನ್ನೇ ದಿಟ್ಟಿಸಿದಳು. ಬಸ್ಸಿನಲ್ಲಿ ಅವಳು ನಿದ್ದೆ ಹೋಗಿರಲಿಲ್ಲವೇನೋ ಎಂದು ಆಗ ಅನ್ನಿಸಿತು. "ಹೌದು, ಯಾರೂ ಇಲ್ಲ" ಎಂದು ಅವಳೂ ಅಂದಳು.

ಗಂಡನ ಜೊತೆ ಹೋದಳು. ಗುಳಿಗೆ ಬಿಡಲಿಲ್ಲ, ಸಂಸಾರ ಚೆನ್ನಾಗಿ ಮಾಡಿದಳು. ಆ ಗುಂಪಿನ ಮಾತನ್ನು ಮಾತ್ರ ಮತ್ತೆಂದೂ ನನ್ನೆದುರು ಎತ್ತಲಿಲ್ಲ. ಅವಳು ಆರಾಮಾದಳೋ, ಅಥವಾ ಹೇಳಿಕೊಳ್ಳಲು ಇದ್ದ ಒಬ್ಬಳೂ ಅಂದು ಕೈಬಿಟ್ಟಳು ಎಂದುಕೊಂಡಳೋ, ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.