ಮಂಗಳನ ಮುಗಿಲು

ಬೆಟಗೇರಿಯ ಬಣ್ಣಗಾರ ಹುಚ್ಚೀರಪ್ಪನ ಮಗಳು ಗದಿಗೆವ್ವ ನೂಲಿಗೆ ಬಣ್ಣ ಹಾಕಲು ಕೂತರೆ ಅಪ್ಪನೇ ಹಂಡೆ ಬಿಟ್ಟು ಸರಿಯುತ್ತಿದ್ದ. ನೇಕಾರರು ಹೆಸರು ಹೇಳಿದರೆ ಸಾಕು, ಗಿಣಿಹಸಿರೋ ದಾಳಿಂಬರವೋ, ಅದೇ ಬಣ್ಣ ಎದ್ದು ಬರುತ್ತಿತ್ತು. ಅವಳ ಕೈಗೆ ಹತ್ತಿದ ಬಣ್ಣವೂ ಹೋಗುತ್ತಿರಲಿಲ್ಲ, ಜಾತಕಕ್ಕೆ ಹತ್ತಿದ ಕುಜನೂ ಹೋಗುತ್ತಿರಲಿಲ್ಲ. ಬಂದ ಗಂಡಿನ ಕಡೆಯವರೆಲ್ಲ ಅವಲಕ್ಕಿ ತಿಂದು, ಚಹಾ ಕುಡಿದು, ಜಾತಕ ನೋಡಿ ಚಪ್ಪಲಿ ಮೆಟ್ಟುತ್ತಿದ್ದರು. ಅವರಿಗೆ ಅವಲಕ್ಕಿಯಲ್ಲಿ ಮಾತ್ರ ಯಾವ ದೋಷವೂ ಕಾಣುತ್ತಿರಲಿಲ್ಲ!

ಸೀರೆ ವ್ಯಾಪಾರಕ್ಕೆ ಬರುತ್ತಿದ್ದ ಮುಳಗುಂದದ ಸಂಗಪ್ಪನ ಮೇಲೆ ಅವಳಿಗೆ ಮನಸ್ಸಾಗಿತ್ತು, ಅವನಿಗೂ ಅವಳ ಮೇಲೆ. ಆದರೆ ಅವನ ತಾಯಿ ಗುರುಸಿದ್ದವ್ವ ಒಪ್ಪಬೇಕಲ್ಲ? ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋದೀತೆಂದು ಗದಿಗೆವ್ವ ಒಳಗೊಳಗೇ ಹೆದರಿದ್ದಳು.

ಕನ್ನಡ ನಾಡು ಒಂದಾಗುವ ವರ್ಷವದು. ಮಳೆಗಾಲದ ಕೊನೆಗೆ ಆ ಕುಜನೇ, ಅಂದರೆ ಮಂಗಳ ಗ್ರಹ, ಹಿಂದೆಂದೂ ಕಾಣದಷ್ಟು ದೊಡ್ಡದಾಗಿ, ಕೆಂಪಗೆ ಮೂಡತೊಡಗಿತು.

"ನಿನ್ನ ಹುಡುಕ್ಕೊಂಡ ಬಂದಾನ ನೋಡವ್ವಾ" ಎಂದು ನೆರೆಮನೆಯ ನೇಕಾರತಿ ಕಳಕವ್ವ ನಕ್ಕಾಗ ಗದಿಗೆವ್ವ ಒಳಗೆ ಹೋಗಿ ಅತ್ತಳು.

ರುಮಾಲಿಗೆ ಬಣ್ಣ ಹಾಕಿಸಲು ಬಂದ ಗೌಸಸಾಬ ಮಾಸ್ತರರು ಸಮಾಧಾನ ಹೇಳಿದರು: "ಅಳಬ್ಯಾಡವ್ವ ತಂಗಿ. ಅಲ್ಲೂ ಕಲ್ಲು, ಮಣ್ಣು ಐತಿ. ಅಲ್ಲಿಂದ ನೋಡಿದ್ರ ನಮ್ಮ ಭೂಮಿನೂ ಒಂದು ಚುಕ್ಕಿ."

"ಅಲ್ಲಿ ಮುಗಿಲು ಯಾವ ಬಣ್ಣ ಐತ್ರಿ?"

"ಯಾರು ಹೋಗಿ ನೋಡ್ಯಾರವ್ವ?"

ಗೊತ್ತಿಲ್ಲದ ಬಣ್ಣವೆಂದರೆ ಬಣ್ಣಗಾರರ ಮಗಳಿಗೆ ನಿದ್ದೆ ಬಂದೀತೇ? ಆಷಾಢದ ಗಾಳಿಗೆ ಮಸಾರಿ ಹೊಲದ ಕೆಂಪು ಧೂಳೆದ್ದು ಮುಗಿಲೆಲ್ಲ ಬೆಲ್ಲದ ಪಾಕದಂತಾಗುವುದನ್ನು ಅವಳು ಕಂಡಿದ್ದಳು. ಅಲ್ಲೂ ಹಾಗೇ ಇದ್ದೀತು ಎಂದುಕೊಂಡು ಅದೇ ಬಣ್ಣದಲ್ಲಿ ನೂಲು ಅದ್ದಿದಳು. ಕಳಕವ್ವ ಗೊಣಗುತ್ತಲೇ ಸೀರೆ ನೇಯ್ದುಕೊಟ್ಟಳು. ಸೆರಗಿನಲ್ಲಿ ಒಂದು ನೀಲಿ ಚುಕ್ಕೆಯನ್ನೂ ಇಡಿಸಿದ್ದಳು ಗದಿಗೆವ್ವ.

ದಸರೆ ಕಳೆದ ಮೇಲೆ ಗುರುಸಿದ್ದವ್ವ ಹೆಣ್ಣು ನೋಡಲು ಬಂದಳು. ಗದಿಗೆವ್ವ ಅದೇ ಸೀರೆ ಉಟ್ಟು ಅವಲಕ್ಕಿ ತಂದಿಟ್ಟಳು.

"ಸೆರಗಿಗೆ ನೀಲಿ ಸಿಡದೈತೇನವ್ವ?"

"ಸಿಡದಿಲ್ರಿ. ಸೀರಿ ಮಂಗಳನ ಮುಗಿಲು, ಚುಕ್ಕಿ ನಮ್ಮ ಭೂಮಿ. ಅಲ್ಲಿಂದ ನಾವು ಹಿಂಗ ಕಾಣ್ತೀವಂತ."

ಗುರುಸಿದ್ದವ್ವ ಮುಖ ಗಂಟಿಕ್ಕಿದಳು. "ನಿನ್ನ ಜಾತಕದಾಗ ಅವನೇ ಕುಂತಾನಂತಲ್ಲ?"

ಹುಚ್ಚೀರಪ್ಪ ತಲೆ ತಗ್ಗಿಸಿದ. ಗದಿಗೆವ್ವ ತಗ್ಗಿಸಲಿಲ್ಲ.

"ಕುಂತಾನ್ರಿ. ಅಲ್ಲೂ ಒಬ್ಬಾಕಿ ಹುಡುಗಿ ಇದ್ರ ಆಕಿ ಜಾತಕದಾಗ ನಾವು ಕುಂತಿರಬೇಕು. ನಾವು ಆಕಿಗೆ ಏನು ಕೆಟ್ಟದ್ದು ಮಾಡೇವ್ರಿ?"

ಗುರುಸಿದ್ದವ್ವ ಸೆರಗನ್ನು ಹತ್ತಿರಕ್ಕೆಳೆದು ಆ ಚುಕ್ಕೆಯನ್ನು ಬಹಳ ಹೊತ್ತು ನೋಡಿದಳು.

"ಪಾಪ, ನಮ್ಮ ಸಲುವಾಗಿ ಆಕಿ ಲಗ್ನಾನೂ ನಿಂತಿರತೈತಿ" ಎಂದಳು. ಆಮೇಲೆ ಹುಚ್ಚೀರಪ್ಪನ ಕಡೆ ತಿರುಗಿದಳು. "ಆಕಿದು ನಮ್ಮ ಕೈಯಾಗಿಲ್ಲ. ಈಕಿದಾದ್ರೂ ಮಾಡೂಣು. ಸಕ್ಕರಿ ತರ್ರಿ."