ಹುಳಿ ಮಾವಿನ ಗುಳಂಬ

ಅಡರಕಟ್ಟಿಯಲ್ಲಿ ನಮ್ಮ ಪಕ್ಕದ ಮನೆಯ ಶಮಶಾದಬಿಯಷ್ಟು ಮರ್ಯಾದೆಗೆ ಅಂಜುವ ಹೆಂಗಸನ್ನು ನಾನು ಕಂಡಿಲ್ಲ. ಆ ಅಂಜಿಕೆಯೇ ಆಕೆಯ ಹಿತ್ತಲಿನ ಮಾವಿನ ಗಿಡವನ್ನು ತಿಂದುಹಾಕಿತು.

ಆಕೆಯ ಅತ್ತೆ ಓಟೆ ಊರಿ ಬೆಳೆಸಿದ ಗಿಡ ಅದು. ಹಣ್ಣಾದರೂ ಸಿಪ್ಪೆ ಹಸಿರೇ. ಕಚ್ಚಿದರೆ ಹಲ್ಲು ಚುಳ್ಳೆನ್ನುವಷ್ಟು ಹುಳಿ. ಮಂಗಗಳೂ ಒಂದು ಕಚ್ಚಿ ಎಸೆದು ಹೋಗುತ್ತಿದ್ದವು. ಆದರೆ ಬೆಲ್ಲ ಹಾಕಿ ಒಲೆಯ ಮೇಲಿಟ್ಟರೆ ಮಾತೇ ಬೇರೆ. ಒಂದೆಳೆ ನಾರಿಲ್ಲದೆ ಕರಗಿ, ಜೇನಿನ ಬಣ್ಣಕ್ಕೆ ತಿರುಗಿ, ವರ್ಷವಿಟ್ಟರೂ ಕೆಡದ ಗುಳಂಬ ಆಗುತ್ತಿತ್ತು. ಚಪಾತಿಗೆ ಹಚ್ಚಿಕೊಂಡು ನಮ್ಮ ಓಣಿಯೇ ಬೆರಳು ನೆಕ್ಕುತ್ತಿತ್ತು. ಆಕೆಯ ಭರಣಿಯನ್ನು ನಾವ್ಯಾರೂ ಬರಿದಾಗಿ ವಾಪಸು ಕೊಟ್ಟವರಲ್ಲ, ಹಿಡಿ ಸಕ್ಕರೆಯನ್ನಾದರೂ ಹಾಕುತ್ತಿದ್ದೆವು.

ಹೋದ ಬೇಸಿಗೆಯಲ್ಲಿ ಆಕೆಯ ಮಗಳು ಗುಲ್ನಾಜ ತನ್ನ ಅತ್ತೆಯನ್ನು ಕರೆದುಕೊಂಡು ಗದಗದಿಂದ ಬಂದಿದ್ದಳು. ಬೀಗತಿಯ ಮುಂದೆ ಹಣ್ಣಿಡಬೇಕಲ್ಲ? ಮನೆಯಲ್ಲಿ ಬೇರೇನೂ ಇರಲಿಲ್ಲ. ಶಮಶಾದಬಿ ಗಡಿಬಿಡಿಯಲ್ಲಿ ಅದನ್ನೇ ಹೆಚ್ಚಿಟ್ಟಳು. ಬೀಗತಿ ಕಣ್ಣು ಮುಚ್ಚಿ, ಅಂಗೈಗೆ ಉಗುಳಿ ನಕ್ಕರು.

"ಇದಕ್ಕ ಹಣ್ಣ ಅಂತಾರೇನ್ರಿ? ದನಾನೂ ತಿನ್ನಂಗಿಲ್ಲ!"

ಶಮಶಾದಬಿಯ ಮುಖ ಸಣ್ಣದಾಯಿತು. ಹೊರಡುವಾಗ ಒಂದು ಭರಣಿ ಗುಳಂಬ ಕೊಟ್ಟು, "ಪ್ಯಾಟಿ ಕಾಯೀದು" ಎಂದು ಸುಳ್ಳು ಹೇಳಿದಳು. ಬಾಯಿ ಬಿಡಬೇಡ ಎಂದು ಮಗಳಿಗೂ ಕಣ್ಣುಸನ್ನೆ ಮಾಡಿದಳು. ಮಳೆ ಬಿದ್ದದ್ದೇ ತಡ, ಮಾಲಿಯನ್ನು ಕರೆಸಿ ಕೊಂಬೆಗಳನ್ನೆಲ್ಲ ಕಡಿಸಿ ಆಪೂಸಿನ ಕಸಿ ಕಟ್ಟಿಸಿದಳು. "ಒಂದ ಕೊಂಬಿನಾದ್ರೂ ಬಿಡ" ಎಂದು ನಾನು ಬೈದರೂ ಕೇಳಲಿಲ್ಲ. ಮಗಳಿಗೆ ಈ ಸುದ್ದಿಯನ್ನೇ ಮುಟ್ಟಿಸಲಿಲ್ಲ.

ಮೊನ್ನೆ ಬೀಗತಿ ಒಬ್ಬರೇ ಬಂದರು. ಕೈಯಲ್ಲಿ ಅದೇ ಭರಣಿ, ಅದರ ತುಂಬ ಖರ್ಜೂರ.

"ಗುಲ್ನಾಜ ಬಸರಾಗ್ಯಾಳ್ರಿ. ಬಾಯಿಗೆ ಏನೂ ಸೇರವಲ್ದು, ನಿಮ್ಮ ಗುಳಂಬನ ಬೇಕಂತ. ನಾನೂ ಮಾಡಿ ಕೊಟ್ಟೆ, ಬರೇ ನಾರು ಅಂತ ಸರಿಸಿಬಿಟ್ಲು. ಅದ್ಯಾವ ಪ್ಯಾಟಿ ಕಾಯಿ ಹೇಳ್ರಿ, ಎಷ್ಟ ದೂರ ಇದ್ರೂ ತರಸ್ತೀನಿ."

ನಾನು ಅಲ್ಲೇ ಕೂತಿದ್ದೆ. ಹೋದ ವರ್ಷದ ಗುಳಂಬ ಆಕೆಯ ಮನೆಯಲ್ಲೂ ನಮ್ಮ ಓಣಿಯಲ್ಲೂ ಎಂದೋ ತೀರಿತ್ತು. ಶಮಶಾದಬಿ ಸೆರಗನ್ನು ಹಣೆಯ ಮೇಲೆ ಎಳೆದುಕೊಂಡಳು.

"ಪ್ಯಾಟೀದಲ್ರಿ. ನೀವು ಉಗುಳಿದ್ರಲ್ಲ, ಆ ಗಿಡದ್ದು."

ಬೀಗತಿ ಎದ್ದು ಹಿತ್ತಲಿಗೆ ನಡೆದರು. ಮೋಟು ಗಿಡದ ತುಂಬ ಆಪೂಸಿನ ಎಳೆ ಚಿಗುರು. ಅವರ ತಲೆಯೂ ತಗ್ಗಿತು.

"ನಾ ನಕ್ಕಿದ್ದಕ್ಕೇನ್ರಿ?"

"ನಿಮ್ದೇನಿಲ್ರಿ. ನನ್ನ ಗಿಡಕ್ಕ ನಾನ ನಾಚಿದೆ. ಈಗ ಮಗಳಿಗೆ ಯಾವ ಮುಖ ತೋರಸ್ಲಿ?"

ಬಸ್ಸಿನ ಹೊತ್ತಾಯಿತು. ಶಮಶಾದಬಿ ಅಭ್ಯಾಸಬಲದಿಂದ ಭರಣಿಯ ಖರ್ಜೂರ ತೆಗೆದಿಟ್ಟು ಸಕ್ಕರೆ ತುಂಬಿ ಬೀಗತಿಯ ಕೈಗಿತ್ತಳು. ಅವರು ಹೊಸ್ತಿಲು ದಾಟುವಷ್ಟರಲ್ಲಿ ಓಡಿಹೋಗಿ ಅದನ್ನು ವಾಪಸು ಇಸಿದುಕೊಂಡಳು.

"ಬ್ಯಾಡ್ರಿ. ಈ ಭರಣಿ ಕಂಡ್ರ ಆಕಿ ಗುಳಂಬ ಬಂತಂತ ಆಸೀಲೆ ಮುಚ್ಚಳ ತಗೀತಾಳ."

ಮರ್ಯಾದೆಗೆ ಅಂಜುವ ಶಮಶಾದಬಿಯ ಮನೆಯಿಂದ ಅಂದು ಬೀಗತಿ ಬರಿಗೈಯಲ್ಲಿ ಗದಗಕ್ಕೆ ಹೋದರು.